ಆಶೀರ್ವಾದದ ಅರ್ಕಾವತ್ತು ಎಲ್ಲಿಗೆ?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕಡೆ ಕನ್ನಡದವರ ಮನೆಯಲ್ಲಿ ಮದುವೆ ಗೊತ್ತಾದರೆ ಮೊದಲು ಹಾಲ್ ನೋಡುತ್ತಾರೆ, ಆಮೇಲೆ ಅಡುಗೆಯವರು, ಆಮೇಲೆ ನಾನು. ಪತ್ರಿಕೆಯೊಂದರಲ್ಲಿ ವರ್ಷಗಟ್ಟಲೆ ಕರಡು ತಿದ್ದಿದವಳು ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ನನ್ನ ಫೋನಿಗೆ ಬರುತ್ತದೆ. ಅದರ ಬೆನ್ನಿಗೇ ಜಗಳವೂ ಬರುತ್ತದೆ.

ಜಾಸ್ತಿ ಜಗಳ ಹೆಸರಿನದ್ದು. ಹುಡುಗಿ ಇಲ್ಲೇ ಹುಟ್ಟಿ, ಶಾಲೆಯಲ್ಲಿ ಮರಾಠಿ ಓದಿದವಳು. ತನ್ನ ಹೆಸರನ್ನು ‘ಸ್ವಾತೀ’ ಅಂತ ದೀರ್ಘ ಕೊಟ್ಟೇ ಬರೆಯುತ್ತಾಳೆ. ಕುಂದಾಪುರದ ಅಜ್ಜ ‘ಸ್ವಾತಿ’ ಅನ್ನುತ್ತಾರೆ, ಹ್ರಸ್ವ, ಮುಗೀತು. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ರಾತ್ರಿ ಹನ್ನೊಂದರವರೆಗೆ ಇದೇ ಮಾತು. ‘ಕನ್ನಡ ಮರೆತಿರಿ’ ಎಂದು ಒಬ್ಬರು, ‘ನನ್ನ ಹೆಸರು ನನಗೆ ಗೊತ್ತಿಲ್ವಾ’ ಎಂದು ಅವಳು. ನಿಜ ನೋಡಿದರೆ ಇಬ್ಬರೂ ಸರಿ. 1962ರಲ್ಲಿ ಬಂದ ಮರಾಠಿ ಶುದ್ಧಲೇಖನದ ನಿಯಮಗಳ ಪ್ರಕಾರ ಪದದ ಕೊನೆಯ ಇ, ಉ ದೀರ್ಘ. ಸಂಸ್ಕೃತದಿಂದ ಬಂದ ಪದಕ್ಕೂ ಅದೇ. ನಮ್ಮ ಕೀರ್ತಿ ಅಲ್ಲಿ ಕೀರ್ತೀ, ನಮ್ಮ ಗುರು ಅಲ್ಲಿ ಗುರೂ. ನಾವು ಸಂಸ್ಕೃತದ ಹ್ರಸ್ವವನ್ನು ಹಾಗೇ ಇಟ್ಟುಕೊಂಡಿದ್ದೇವೆ. ಇದನ್ನು ಹೇಳಿದ ಮೇಲೆ ಗುಂಪು ಸ್ವಲ್ಪ ತಣ್ಣಗಾಗುತ್ತದೆ. ಕಾರ್ಡಿನ ಕನ್ನಡ ಪುಟದಲ್ಲಿ ಸ್ವಾತಿ, ಮರಾಠಿ ಪುಟದಲ್ಲಿ ಸ್ವಾತೀ. ಒಂದು ಪುಟ ನೋಡಿಕೊಂಡು ಇನ್ನೊಂದನ್ನು ತಿದ್ದಬೇಡಿ ಅಂತ ಎರಡೂ ಕಡೆಯವರಿಗೆ ಮೊದಲೇ ಹೇಳಿಬಿಡುತ್ತೇನೆ.

ಅಡ್ಡಹೆಸರಿನಲ್ಲಿ ಮಾತ್ರ ನಾನು ವ್ಯಾಕರಣ ತೆಗೆಯುವುದೇ ಇಲ್ಲ. ಹೆಗ್ಡೆ, ಹೆಗಡೆ, ಹೆಗ್ಗಡೆ ಮೂರೂ ಇವೆ. ನಾಯಕ್, ನಾಯಕ, ನಾಯ್ಕ ಕೂಡ. ಆ ಮನೆಯ ಹಿರಿಯರ ಕೈಯಲ್ಲೇ ಚೀಟಿಯ ಮೇಲೆ ಬರೆಸಿ ಫೋಟೋ ತರಿಸಿಕೊಳ್ಳುತ್ತೇನೆ. ಆಮೇಲೆ ಯಾರು ಏನೇ ಹೇಳಲಿ, ಆ ಚೀಟಿಯೇ ಕೊನೆ.

ಆದರೆ ‘ಆರ್ಶೀವಾದ’ವನ್ನು ನಾನು ಬಿಡುವುದಿಲ್ಲ. ಅದು ಆಶೀರ್ವಾದ. ಬಾಯಲ್ಲಿ ‘ರ್’ ಮೊದಲು, ‘ವಾ’ ಆಮೇಲೆ. ಬರೆಯುವಾಗ ‘ವಾ’ ಮೊದಲು, ಆ ‘ರ್’ನ ಗುರುತಾದ ಅರ್ಕಾವತ್ತು ಅದರ ಬಲಕ್ಕೆ. ಈ ಹಿಂದುಮುಂದಿನಲ್ಲೇ ಕೈ ತಪ್ಪಿ ಅದು ‘ಶೀ’ ಪಕ್ಕಕ್ಕೆ ಹೋಗಿ ಕೂರುತ್ತದೆ. ಮರಾಠಿಯವರೂ ಅಕ್ಷರದ ತಲೆ ಮೇಲಿನ ‘ರ್’ ಗುರುತನ್ನು ಇದೇ ಪದದಲ್ಲಿ ತಪ್ಪು ಜಾಗಕ್ಕೆ ಹಾಕುತ್ತಾರೆ. ಬೀಗರ ಮುಂದೆ ಸಮಾಧಾನಕ್ಕೆ ಅಷ್ಟು ಸಾಕು.

ಇದರಲ್ಲೂ ದೊಡ್ಡ ತಮಾಷೆ ಒಂದು ಮನೆಯಲ್ಲಿ ಆಯಿತು. ಫೋನಿನಲ್ಲಿ ಅರ್ಕಾವತ್ತು ಸಿಗದೆ ಅವರು ಕನ್ನಡದ ಒಂಬತ್ತನ್ನೇ ಒತ್ತಿದ್ದರು: ‘ಆಶೀವಾ೯ದ’. ನೋಡಲು ಒಂದೇ ತರಹ, ಯಾರಿಗೂ ಗೊತ್ತಾಗಲಿಲ್ಲ. ತಾರೀಕು, ಸಮಯ ಎಲ್ಲ ಇಂಗ್ಲಿಷ್ ಅಂಕಿಯಲ್ಲಿರಲಿ ಅಂತ ಅವರೇ ಹೇಳಿದ್ದರಿಂದ ಅಂಗಡಿಯವನು ಒಂದೇ ಏಟಿಗೆ ಕನ್ನಡ ಅಂಕಿಗಳನ್ನೆಲ್ಲ ಬದಲಾಯಿಸಿದ. ಕರಡು ಬಂದಾಗ ‘ಆಶೀವಾ9ದ’, ‘ಮುಹೂತ9’. ಅವನನ್ನು ಬೈದು ಏನು ಮಾಡೋದು?

ಮುಂಬೈಯ ಗಿರಗಾಂವ್‌ನ ಖಾಡಿಲ್ಕರ್ ರಸ್ತೆಯಲ್ಲಿ ಮದುವೆ ಕಾರ್ಡಿನ ಅಂಗಡಿಗಳು ಸಾಲುಸಾಲಾಗಿವೆ. ಕಾಗದ, ಬಣ್ಣ ಎಲ್ಲ ಚೆಂದ. ಆದರೆ ಕಂಪ್ಯೂಟರ್ ಮುಂದೆ ಕೂತವನಿಗೆ ಕನ್ನಡ ಬರದಿದ್ದರೆ ಅವನ ಪಾಲಿಗೆ ನಮ್ಮ ಅಕ್ಷರ ಬರೀ ಚಿತ್ರ. ಅದಕ್ಕೇ ನಾನು ಮೆಸೇಜಿನಲ್ಲಿ ಅಕ್ಷರ ಕಳಿಸುವುದಿಲ್ಲ, ಪಿಡಿಎಫ್ ಕಳಿಸುತ್ತೇನೆ. ಹಳೆಯ ಡಿಸೈನ್ ಸಾಫ್ಟ್‌ವೇರಿಗೆ ಯುನಿಕೋಡ್ ಕನ್ನಡ ಅಂಟಿಸಿದರೆ ಒತ್ತಕ್ಷರ ಬಿಚ್ಚಿಕೊಂಡು ‘ಲಕ್ಷ್ಮಿ’ ‘ಲಕ್‌ಷ್‌ಮಿ’ ಆಗುತ್ತದೆ. ಕರಡನ್ನು ಕಾಗದದ ಮೇಲೆ ತೆಗೆಸಿ ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಮದುವೆ ಹಾಲ್‌ನ ವಿಳಾಸ, ಸಮಯ, ವಾರ, ಆಮೇಲೆ ಹೆಸರುಗಳು. ಮೇಲಿನಿಂದ ಓದಿದರೆ ಮದುವೆ ಕಾಗದದ ಮಾತುಗಳೆಲ್ಲ ಬಾಯಿಪಾಠ, ಕಣ್ಣು ಜಾರಿಬಿಡುತ್ತದೆ.

ಮರಾಠಿ ಬೀಗರಾದರೆ ಇನ್ನೊಂದು ಎಚ್ಚರ. ತೀರಿಕೊಂಡವರ ಹೆಸರಿಗೆ ಮುಂಚೆ ಅವರು ‘ಕೈ.’ ಹಾಕುತ್ತಾರೆ, ಕೈಲಾಸವಾಸಿ ಅಂತ. ಅದನ್ನೇ ಕನ್ನಡಕ್ಕೆ ಎತ್ತಿಹಾಕಿದರೆ ನಮ್ಮವರು ಸುಮ್ನೆ ‘ಕೈ ಶಂಕರರಾವ್’ ಅಂತ ಓದುತ್ತಾರೆ. ನಾನು ‘ದಿ.’ ಹಾಕಿಸುತ್ತೇನೆ. ಶುಭಪತ್ರಿಕೆಯಲ್ಲಿ ‘ದಿ.’ ಬೇಡ ಅನ್ನುವವರೂ ಇದ್ದಾರೆ. ಅದು ಮನೆಯವರ ನಂಬಿಕೆ, ನಾನು ಬಾಯಿ ಹಾಕುವುದಿಲ್ಲ.

‘ಸಕುಟುಂಬ ಸಮೇತರಾಗಿ’ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಗುಂಪಿನಲ್ಲಿ ಉದ್ದಕ್ಕೆ ಬರೆದರು. ‘ಸ’ ಅಂದರೇ ಜೊತೆಗೆ, ಮತ್ತೆ ‘ಸಮೇತ’ ಯಾಕೆ? ಅವರ ಮಾತು ನಿಜ. ಆದರೂ ನಾನು ತೆಗೆಸಲಿಲ್ಲ. ಒಂದು ಪದ ಕಡಿಮೆಯಾದರೆ ಕರೆಯೇ ಕಡಿಮೆಯಾಯಿತು ಅನ್ನುವ ಅತ್ತೆಯಂದಿರು ಎಲ್ಲ ಮನೆಯಲ್ಲೂ ಇರುತ್ತಾರೆ. ಮರಾಠಿಯವರೂ ‘ಸಹಕುಟುಂಬ ಸಹಪರಿವಾರ’ ಅಂತ ಎರಡೆರಡು ಸಲ ಕರೆಯುತ್ತಾರೆ, ಅಲ್ವಾ?

ನನಗೆ ಸಿಟ್ಟು ಬರುವುದು ಬೇರೆ ಕಡೆ. ಕಾರ್ಡು ಅಚ್ಚಾಗಿ, ಹಂಚಿ, ಮೊದಲ ಫೋಟೋ ಗುಂಪಿಗೆ ಬಂದ ಕೂಡಲೇ ಯಾರೋ ಒಬ್ಬರು ಕೆಂಪು ಸುತ್ತು ಹಾಕಿ ಅದನ್ನೇ ವಾಪಸ್ ಕಳಿಸುತ್ತಾರೆ. ಹುಡುಗಿಯ ಅಮ್ಮನಿಗೆ ಅವತ್ತಿನ ಊಟ ಸೇರುವುದಿಲ್ಲ. ಮುದ್ರಣವಾದ ಮೇಲೆ ತಪ್ಪು ತೋರಿಸಿ ಯಾರಿಗೆ ಏನು ಲಾಭ? ದಿನ ಅಥವಾ ಹಾಲ್‌ನ ಹೆಸರು ತಪ್ಪಿದ್ದರೆ ಫೋನ್ ಮಾಡಿ ಹೇಳಿ. ಉಳಿದದ್ದಕ್ಕೆ ಮದುವೆಗೆ ಬಂದು ಊಟ ಮಾಡಿ ಹೋಗಿ.

ಈಗ ಕರಡನ್ನು ಗುಂಪಿಗೆ ಹಾಕಲು ನಾನು ಬಿಡುವುದಿಲ್ಲ. ಎರಡೂ ಮನೆಯಿಂದ ಒಬ್ಬೊಬ್ಬರು ಕಾಗದದ ಮೇಲೆ ಸಹಿ ಹಾಕಬೇಕು, ಆಮೇಲೆ ಅಚ್ಚು. ಮೇಷ್ಟ್ರಿಗೆ ಮಾತ್ರ ಒಂದು ಪ್ರತಿ ಗುಟ್ಟಾಗಿ ಮೊದಲೇ ಹೋಗುತ್ತದೆ. ಅವರ ಕಣ್ಣಿಗೆ ಬೀಳುವಷ್ಟು ತಪ್ಪು ನನಗೂ ಬೀಳುವುದಿಲ್ಲ.