ಬೆಳ್ಳಗಿದ್ದ ಹಲ್ಲನ್ನೇ ಕಿತ್ತೆ

ಗದಗದಲ್ಲಿ ನನ್ನದು ಒಂದೇ ಕುರ್ಚಿಯ ದಂತ ಕ್ಲಿನಿಕ್. ಹಳ್ಳಿಯಿಂದ ಬರುವವರು ಬಾಯಿ ತೆರೆಯುವ ಮೊದಲೇ ತೀರ್ಮಾನ ಹೇಳಿಬಿಡುತ್ತಾರೆ: "ಕಿತ್ತು ಒಗೀರಿ ಡಾಕ್ಟ್ರೇ, ಸಾಕಾಗೇತಿ."

ಒಮ್ಮೆ ಒಬ್ಬ ಹುಡುಗ ಹಾಗೇ ಬಂದ. ದವಡೆ ಹಲ್ಲು ಕಪ್ಪಗಾಗಿ ದೊಡ್ಡ ತೂತು ಬಿದ್ದಿತ್ತು. ಲವಂಗ ಕಚ್ಚಿಕೊಂಡು ಮೂರು ರಾತ್ರಿ ಕಳೆದಿದ್ದ. ಎಕ್ಸ್‌ರೇ ನೋಡಿದರೆ ಬೇರು ಗಟ್ಟಿ, ಮೂಳೆಯೂ ಚೆನ್ನಾಗಿದೆ. ವಸಡಿನ ಮೇಲೆ ಕ್ಯಾಪ್ ಕೂರುವಷ್ಟು ಹಲ್ಲು ಉಳಿದಿದೆ. ಒಳಗಿನ ಕೆಟ್ಟ ನರ ತೆಗೆದು ತುಂಬುವ ರೂಟ್ ಕೆನಾಲ್ ಮಾಡಿ ಉಳಿಸಿದೆ. ಹುಳುಕು ವಸಡಿನ ಕೆಳಗೆ ಆಳಕ್ಕಿಳಿದಿದ್ದರೆ, ಇಲ್ಲವೇ ಬೇರು ಉದ್ದಕ್ಕೆ ಸೀಳಿದ್ದರೆ ನಾನೂ ಕೀಳುತ್ತಿದ್ದೆ.

ಅದೇ ವಾರ ಬಂದ ಅಜ್ಜಿಯದು ತದ್ವಿರುದ್ಧ. ಮೇಲಿನ ಮುಂದಿನ ಹಲ್ಲು, ಬೆಳ್ಳಗೆ, ಒಂದೂ ತೂತಿಲ್ಲ. ನೋವೂ ಇಲ್ಲ. "ರೊಟ್ಟಿ ಕಡಿವಾಗ ಅಳ್ಳಾಡ್ತೈತ್ರಿ, ಬಿಗಿ ಮಾಡಿ ಕೊಡ್ರಿ." ಕನ್ನಡಿಯ ಹಿಡಿಯಿಂದ ಒತ್ತಿದೆ. ಹಲ್ಲು ಪಕ್ಕಕ್ಕೆ ಅಲುಗಿದ್ದಷ್ಟೇ ಅಲ್ಲ, ಮೇಲಕ್ಕೂ ಸರಿಯಿತು. ಹಾಗಾದರೆ ಹಿಡಿದುಕೊಳ್ಳಲು ಮೂಳೆಯೇ ಇಲ್ಲ ಎಂದರ್ಥ. ಹಲ್ಲಿನ ಬುಡದಲ್ಲಿ ವರ್ಷಗಟ್ಟಲೆ ಗಟ್ಟಿಯಾಗಿ ಕೂತ ಕೊಳೆ, ಅಂದರೆ ಗಾರೆ, ಮತ್ತು ವಸಡಿನ ಸೋಂಕು ಮೂಳೆಯನ್ನು ಸದ್ದಿಲ್ಲದೆ ಕರಗಿಸಿತ್ತು. ಇಂಥ ಹಲ್ಲನ್ನು ಯಾವ ಔಷಧಿಯೂ ಬಿಗಿ ಮಾಡುವುದಿಲ್ಲ.

ಆದರೂ ಅವತ್ತು ಕೀಳಲಿಲ್ಲ. ಶುಗರ್ ಜಾಸ್ತಿ ಇತ್ತು, ಗಾಯ ಬೇಗ ಮಾಯುವುದಿಲ್ಲ. ಅವರ ಡಾಕ್ಟರ ಹತ್ತಿರ ಕಳಿಸಿದೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ತೀರಾ ಎಂದೂ ಕೇಳಿದೆ. ಕೆಲವರು ಹಲ್ಲು ಕೀಳಿಸಬೇಕೆಂದು ಅದನ್ನು ತಾವೇ ನಿಲ್ಲಿಸಿ ಬರುತ್ತಾರೆ. ಅದು ಅಪಾಯ.

ಎರಡು ವಾರ ಬಿಟ್ಟು ಬಂದಾಗ ಅಜ್ಜಿಗೆ ಹೊಸ ಹೆದರಿಕೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದಂತೆ, ಓಣಿಯಲ್ಲಿ ಯಾರೋ ಹೇಳಿದ್ದರು. ನೋಡುವ ನರ ಬೇರೆ, ಹಲ್ಲಿನ ನರ ಬೇರೆ ಎಂದು ಕೂರಿಸಿದೆ. ಮರಗಟ್ಟಿಸುವ ಸೂಜಿ ಕೊಟ್ಟ ಮೇಲೆ ಕೀಳಲು ಒಂದು ನಿಮಿಷವೂ ಹಿಡಿಯಲಿಲ್ಲ.

ಮುಂದಿನ ಮಾತನ್ನು ಮಾತ್ರ ನಾನು ಎರಡೆರಡು ಸಲ ಹೇಳುತ್ತೇನೆ. ಹತ್ತಿಯನ್ನು ಅರ್ಧ ಗಂಟೆ ಕಚ್ಚಿಕೊಳ್ಳಿ. ಒಂದು ದಿನ ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ. ಶುರುವಿನ ದಿನಗಳಲ್ಲಿ ಒಬ್ಬರಿಗೆ ಗಡಿಬಿಡಿಯಲ್ಲಿ ಹೇಳಿ ಕಳಿಸಿದ್ದೆ. ಅವರು ಮನೆ ಮುಟ್ಟುವ ಮೊದಲೇ ಗುಟ್ಕಾ ಹಾಕಿದ್ದರು. ಹೆಪ್ಪುಗಟ್ಟಿದ ರಕ್ತ ಕಿತ್ತು ಹೋಗಿ ಮೂಳೆ ಬರಿದಾಗಿತ್ತು. ಮೂರನೇ ದಿನ ಕಿವಿ ತನಕ ನೋವು ಎಂದು ಅಳುತ್ತಾ ಬಂದರು. ತಪ್ಪು ಅರ್ಧ ನನ್ನದೇ ಅಲ್ವಾ?

ಅಜ್ಜಿ ಹೊರಡುವಾಗ ಹಲ್ಲನ್ನು ಕಾಗದದಲ್ಲಿ ಸುತ್ತಿ ಕೊಡಿ ಎಂದರು. ಒಂದೂ ತೂತಿಲ್ಲ ನೋಡ್ರಿ ಎಂದು ಮನೆಯಲ್ಲಿ ತೋರಿಸಬೇಕಂತೆ.