ಮಲೆನಾಡಿನ ಮನೆಗೆ ವೈರ್‌ಲೆಸ್ ವೆದರ್ ಸ್ಟೇಷನ್: ಮೊದಲು ಮಳೆ ಮಾಪಕ ಸರಿಯಿರಲಿ

ಶಿವಮೊಗ್ಗ ಪೇಟೆಗೆ ಇಡೀ ವರ್ಷದಲ್ಲಿ ಬರುವುದಕ್ಕಿಂತ ಹೆಚ್ಚು ಮಳೆ ಆಗುಂಬೆಗೆ ಜುಲೈ ಒಂದೇ ತಿಂಗಳಲ್ಲಿ ಬರುತ್ತದೆ. ನಡುವೆ ತೀರ್ಥಹಳ್ಳಿ, ಹೊಸನಗರದ ಕಡೆ ಒಂದು ಗುಡ್ಡ ದಾಟಿದರೆ ಲೆಕ್ಕವೇ ಬೇರೆ. ಪಕ್ಕದೂರಿನ ಅಂಕಿ ನಿಮ್ಮ ತೋಟಕ್ಕೆ ಹೊಂದುವುದಿಲ್ಲ, ಸ್ವಂತ ಮಾಪಕ ಬೇಕೆನ್ನುವುದು ಇದಕ್ಕೇ. ವೈರ್‌ಲೆಸ್ ಸ್ಟೇಷನ್ ಉಷ್ಣಾಂಶ, ತೇವಾಂಶ, ಗಾಳಿ, ಒತ್ತಡ ಎಲ್ಲವನ್ನೂ ತೋರಿಸುತ್ತದೆ. ಆದರೆ ನಮ್ಮ ಕಡೆ ಅದು ಮೊದಲು ಮಳೆ ಮಾಪಕ, ಉಳಿದದ್ದೆಲ್ಲ ಆಮೇಲೆ. ಕೊಳ್ಳುವುದರಿಂದ ಹಿಡಿದು ಕಂಬ ನೆಡುವವರೆಗಿನ ಪ್ರತಿ ತೀರ್ಮಾನವನ್ನೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿ.

ಯಾವುದನ್ನು ಕೊಳ್ಳಬೇಕು

ಎಲ್ಲ ಸೆನ್ಸರ್‌ಗಳೂ ಒಂದೇ ಗೂಡಿನಲ್ಲಿರುವುದು ಒಂದು ಬಗೆ, ಮಳೆ ಮಾಪಕ ಬೇರೆ, ಗಾಳಿಯದು ಬೇರೆ ಇರುವುದು ಇನ್ನೊಂದು. ಮಲೆನಾಡಿಗೆ ಎರಡನೆಯದೇ ಸರಿ. ಗಾಳಿಯ ಸೆನ್ಸರ್ ಎತ್ತರ ಬೇಡುತ್ತದೆ. ಮಳೆ ಮಾಪಕವನ್ನು ಎತ್ತರಕ್ಕೆ ಏರಿಸಿದರೆ ಬೀಸುವ ಗಾಳಿಗೆ ಹನಿ ಲಾಳಿಕೆಯ ಪಕ್ಕ ಹಾರಿಹೋಗಿ ಅಂಕಿ ಕಡಿಮೆ ಬರುತ್ತದೆ. ವಾರಕ್ಕೊಮ್ಮೆ ಕೈ ಹಾಕಿ ತೊಳೆಯಬೇಕಾದ ವಸ್ತುವನ್ನು ಜುಲೈ ಮಳೆಯಲ್ಲಿ ಹಾವಸೆ ಕಟ್ಟಿದ ಮಾಡಿನ ಮೇಲೆ ಇಡುವುದು ಅಪಾಯವೂ ಹೌದು.

ಸೆನ್ಸರ್‌ನಿಂದ ಡಿಸ್‌ಪ್ಲೇಗೆ ಅಂಕಿ ಕಳಿಸುವ ರೇಡಿಯೋ ತರಂಗ 433 ಮೆಗಾಹರ್ಟ್ಸ್‌ನದಾಗಿರಲಿ. 915 ಅಮೆರಿಕಕ್ಕೆಂದು ಮಾಡಿದ್ದು, ವಿದೇಶದಿಂದ ತರಿಸುವಾಗ ಈ ತಪ್ಪು ಸುಲಭವಾಗಿ ಆಗುತ್ತದೆ. ಡಿಸ್‌ಪ್ಲೇಯಲ್ಲಿ ಮಳೆಯ ಅಂಕಿಯನ್ನು ತಿದ್ದುವ ಸೌಲಭ್ಯವೂ, ಕರೆಂಟ್ ಹೋದರೂ ಲೆಕ್ಕ ಉಳಿಸಿಕೊಳ್ಳುವ ಮೆಮೊರಿಯೂ ಇರಲೇಬೇಕು. ಬರೀ ಇಂಟರ್‌ನೆಟ್ಟಿಗೆ ಕಳಿಸಿ ಸುಮ್ಮನಾಗುವ ಸ್ಟೇಷನ್, ಎರಡು ದಿನ ಲೈನ್ ಇಲ್ಲದ ಹೊತ್ತಿನಲ್ಲಿ, ಅಂದರೆ ಮಳೆ ಜೋರಾಗಿರುವಾಗಲೇ, ಏನನ್ನೂ ದಾಖಲಿಸುವುದಿಲ್ಲ. ವೈಫೈ ಜೋಡಿಸುವಾಗ ರೂಟರಿನ 2.4 ಗಿಗಾಹರ್ಟ್ಸ್ ಹೆಸರನ್ನೇ ಆರಿಸಿ. ಇವುಗಳಲ್ಲಿ ಹೆಚ್ಚಿನವು 5 ಗಿಗಾಹರ್ಟ್ಸ್ ಹಿಡಿಯುವುದಿಲ್ಲ.

ನಿಲ್ಲಿಸುವ ಜಾಗ

ಕಂಬ ನೆಡುವ ಮೊದಲು ಸೆನ್ಸರ್ ಮತ್ತು ಡಿಸ್‌ಪ್ಲೇ ಎರಡನ್ನೂ ಜಗಲಿಯ ಮೇಲೆ ಮೂರು ಮೀಟರ್ ಅಂತರದಲ್ಲಿಟ್ಟು, ಬ್ಯಾಟರಿ ಹಾಕಿ, ಒಂದು ದಿನ ನೋಡಿ. ಲಾಳಿಕೆಗೆ ಅರ್ಧ ಲೋಟ ನೀರು ನಿಧಾನವಾಗಿ ಹೊಯ್ಯಿರಿ, ಗಾಳಿಯ ಬಟ್ಟಲು ತಿರುಗಿಸಿ. ಎಲ್ಲ ಅಂಕಿಯೂ ಅಲುಗಿದರೆ ಮಾತ್ರ ಹೊರಗೆ ಒಯ್ಯಿರಿ.

ಮಳೆ ಮಾಪಕಕ್ಕೆ ಬಯಲು ಬೇಕು. ಹತ್ತಿರದ ಮರವೋ ಮಾಡೋ ಮಾಪಕದ ಬಾಯಿಗಿಂತ ಎಷ್ಟು ಎತ್ತರವಿದೆಯೋ ಕನಿಷ್ಠ ಅದರ ಎರಡು ಪಟ್ಟು ದೂರದಲ್ಲಿರಬೇಕು. 15 ಮೀಟರಿನ ಅಡಿಕೆ ಮರವಾದರೆ 30 ಮೀಟರ್ ದೂರ. ತೋಟದೊಳಗೆ ಇಂಥ ಜಾಗ ಸಿಗುವುದಿಲ್ಲ. ಅಡಿಕೆ ಒಣಗಿಸುವ ಅಂಗಳದ ಅಂಚು ಅಥವಾ ಗದ್ದೆಯ ಬದಿ ಒಳ್ಳೆಯದು. ಅಡಿಕೆ ಬೇಯಿಸುವ ಒಲೆಯ ಹತ್ತಿರ ಬೇಡ, ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ನೀರು ಸಿಡಿಯುವಲ್ಲಂತೂ ಬೇಡವೇ ಬೇಡ. ಫೆಬ್ರವರಿಯಲ್ಲಿ ಮಳೆ ಬಂದಂತೆ ತೋರಿಸುವ ಸ್ಟೇಷನ್‌ಗಳ ಗುಟ್ಟು ಇದೇ.

ಕಂಬಕ್ಕೆ ಒಂದೂಕಾಲು ಇಂಚಿನ ಜಿಐ ಪೈಪು ಸಾಕು. ಎರಡಡಿ ಗುಂಡಿ ತೋಡಿ ಕಾಂಕ್ರೀಟ್ ಹಾಕಿ. ಮಾಪಕದ ಬಾಯಿ ನೆಲದಿಂದ ಒಂದರಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಕೆಳಗಿನ ಹನಿ ಸಿಡಿದು ಒಳಬರುವುದಿಲ್ಲ, ಕೈಗೂ ಎಟಕುತ್ತದೆ. ಗಾರೆ ಕೆಲಸದವರ ರಸಮಟ್ಟವನ್ನು ಬಾಯಿಯ ಮೇಲೆ ಎರಡೂ ದಿಕ್ಕಿಗೆ ಇಟ್ಟು ನೋಡಿ. ಸ್ವಲ್ಪ ವಾಲಿದರೂ, ನೀರು ತುಂಬಿದಾಗ ಮಗುಚಿ ಮಳೆ ಎಣಿಸುವ ಒಳಗಿನ ಬಟ್ಟಲು ಒಂದು ಕಡೆ ಬೇಗ, ಇನ್ನೊಂದು ಕಡೆ ತಡವಾಗಿ ಮಗುಚುತ್ತದೆ. ಪೈಪು ಗಾಳಿಗೆ ಅದುರಿದರೂ ಬಟ್ಟಲು ತಾನಾಗಿ ಮಗುಚಿ ಬರದ ಮಳೆಯನ್ನು ಬರೆದುಬಿಡುತ್ತದೆ. ಮಂಗಗಳು ಬರುವ ಮನೆಯಾದರೆ ಕಂಬ ಇನ್ನೂ ಗಟ್ಟಿಯಾಗಿರಲಿ. ನಟ್ಟು ಬೋಲ್ಟುಗಳನ್ನು ಸ್ಟೇನ್‌ಲೆಸ್ ಸ್ಟೀಲಿಗೆ ಬದಲಾಯಿಸಿ, ಪೆಟ್ಟಿಗೆಯಲ್ಲಿ ಕೊಟ್ಟದ್ದು ತುಕ್ಕು ಹಿಡಿದರೆ ಬಿಚ್ಚಲಾಗುವುದಿಲ್ಲ.

ಉಷ್ಣಾಂಶದ ಸೆನ್ಸರ್ ಹುಲ್ಲುನೆಲದ ಮೇಲೆ ಒಂದೂವರೆ ಮೀಟರಿನಷ್ಟು ಎತ್ತರದಲ್ಲಿ, ಬಿಳಿ ತಟ್ಟೆಗಳ ಗೂಡಿನೊಳಗೆ ಇರಲಿ. ತಾರಸಿ, ತಗಡಿನ ಮಾಡು ಏಪ್ರಿಲ್ ಬಿಸಿಲಿಗೆ ಕಾದು ಸುಳ್ಳು ಹೇಳಿಸುತ್ತವೆ. ಗಾಳಿಯ ಅಳತೆಗೆ ನಿಯಮದ ಪ್ರಕಾರ ಬಯಲಿನಲ್ಲಿ 10 ಮೀಟರ್ ಎತ್ತರ ಬೇಕು. ತೋಟದ ನಡುವಿನ ಮನೆಯಲ್ಲಿ ಅದು ಆಗದ ಮಾತು. ಅಲ್ಲಿ ಗಾಳಿಯ ಅಂಕಿಗೆ ತಲೆ ಕೆಡಿಸಿಕೊಳ್ಳಬೇಡಿ.

ಪೆಟ್ಟಿಗೆಯ ಮೇಲೆ ಬರೆದ 100 ಮೀಟರ್ ದೂರ ಬಯಲಿನ ಲೆಕ್ಕ. ದಪ್ಪ ಜಂಬಿಟ್ಟಿಗೆ ಗೋಡೆ ಸಿಗ್ನಲ್ಲನ್ನು ತಿನ್ನುತ್ತದೆ, ತಗಡಿನ ಮಾಡು ಅಡ್ಡ ಬಂದರೆ ಇನ್ನೂ ಕಷ್ಟ. ಡಿಸ್‌ಪ್ಲೇಯನ್ನು ಸೆನ್ಸರ್ ಇರುವ ಬದಿಯ ಕಿಟಕಿಯ ಬಳಿ, ಫ್ರಿಜ್ಜು ಟಿವಿಗಳಿಂದ ದೂರ ಇಡಿ. ಮಳೆಗಾಲದಲ್ಲಿ ಸಿಗ್ನಲ್ ಕೈಕೊಟ್ಟರೆ ಮಳೆಯನ್ನು ದೂರಬೇಡಿ. ಈ ತರಂಗಗಳಿಗೆ ಸುರಿಯುವ ಹನಿ ಅಡ್ಡಿಯಲ್ಲ. ನಡುವಿನ ಒದ್ದೆ ಎಲೆ, ನೀರು ಕುಡಿದ ಗೋಡೆ, ಸೋತ ಬ್ಯಾಟರಿ, ಇವೇ ಕಾರಣ.

ನೀರು ಹೊಯ್ದು ಪರೀಕ್ಷೆ

ಮಾಪಕದ ಒಳಗೆ ತಕ್ಕಡಿಯಂತೆ ವಾಲುವ ಎರಡು ಪುಟ್ಟ ಬಟ್ಟಲುಗಳಿವೆ. ಒಂದು ತುಂಬಿ ‘ಟಕ್’ ಎಂದು ಮಗುಚಿದಾಗ ಇನ್ನೊಂದು ಲಾಳಿಕೆಯ ತೂತಿನ ಕೆಳಗೆ ಬರುತ್ತದೆ. ಒಂದು ಟಕ್ ಎಂದರೆ ಮಾಡೆಲ್‌ಗೆ ತಕ್ಕಂತೆ 0.2ರಿಂದ 0.3 ಮಿಲಿಮೀಟರ್. ಗಂಟೆಗೆ 100 ಮಿಲಿಮೀಟರಿನ ಮಳೆಯಲ್ಲಿ, 0.3ರ ಬಟ್ಟಲಾದರೆ, ಸುಮಾರು 11 ಸೆಕೆಂಡಿಗೊಮ್ಮೆ ಮಗುಚಬೇಕು. ಮಗುಚುವ ಆ ಕ್ಷಣದಲ್ಲೂ ಮೇಲಿನಿಂದ ನೀರು ಬೀಳುತ್ತಲೇ ಇರುತ್ತದೆ, ಅದು ಲೆಕ್ಕಕ್ಕೆ ಸಿಗುವುದಿಲ್ಲ. ಹೀಗಾಗಿ ಮಳೆ ಜೋರಾದಷ್ಟೂ ಯಂತ್ರ ಕಡಿಮೆ ತೋರಿಸುತ್ತದೆ.

ಲಾಳಿಕೆಯ ಬಾಯಿಯ ಒಳ ಅಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಅದನ್ನು ಅದರಿಂದಲೇ ಗುಣಿಸಿ, ಮತ್ತೆ 0.785ರಿಂದ ಗುಣಿಸಿ. 11.5 ಸೆಂಟಿಮೀಟರಿನ ಬಾಯಿಗೆ 104 ಬರುತ್ತದೆ. ಅಂದರೆ 104 ಮಿಲಿಲೀಟರ್ ನೀರು 10 ಮಿಲಿಮೀಟರ್ ಮಳೆಗೆ ಸಮ. ಪರೀಕ್ಷೆಗೆ ಎರಡು ಪಟ್ಟು, 208 ಮಿಲಿಲೀಟರ್ ತೆಗೆದುಕೊಳ್ಳಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 208 ಗ್ರಾಂ ತೂಗಿದರೆ ಆಯಿತು. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ, ತಳಕ್ಕೂ ಗಾಳಿಯಾಡಲು ಒಂದು ತೂತು ಮಾಡಿ, ಲಾಳಿಕೆಯ ಮೇಲೆ ಬೋರಲು ಹಾಕಿ. ನೀರು ಪೂರ್ತಿ ಇಳಿಯಲು ಒಂದು ಗಂಟೆಯಾದರೂ ಬೇಕು. ಒಮ್ಮೆಲೇ ಸುರಿದರೆ ಪರೀಕ್ಷೆ ಕೆಟ್ಟಿತು.

ಡಿಸ್‌ಪ್ಲೇ 20ರ ಹತ್ತಿರ ತೋರಿಸಬೇಕು. ಮೂರು ಸಲ ಮಾಡಿ ಸರಾಸರಿ 18 ಬಂದರೆ, 20ನ್ನು 18ರಿಂದ ಭಾಗಿಸಿ ಬಂದ 1.11ನ್ನು ಮಳೆ ತಿದ್ದುವ ಜಾಗದಲ್ಲಿ ಹಾಕಿ. ಪರೀಕ್ಷೆಯ ‘ಮಳೆ’ಯನ್ನು ಅಳಿಸಲು ಮರೆಯಬೇಡಿ. ಇಷ್ಟಾದರೂ ಹಳೆಯ ಕೈಮಾಪಕವನ್ನು ಎಸೆಯಬೇಡಿ. ಎರಡು ಮೀಟರ್ ಆಚೆ ಅದನ್ನೂ ನಿಲ್ಲಿಸಿ, ದೊಡ್ಡ ಮಳೆಯ ಮರುದಿನ ಎರಡನ್ನೂ ಹೋಲಿಸಿ. ವ್ಯತ್ಯಾಸ ನೂರಕ್ಕೆ ಹತ್ತು ದಾಟಿದರೆ ಮೊದಲು ಲಾಳಿಕೆಯೊಳಗೆ ನೋಡಿ.

ಪತ್ರಿಕೆಯ ಅಂಕಿಗೆ ಹೋಲಿಸುವವರು ಒಂದು ವಿಷಯ ಗಮನಿಸಿ. ಹವಾಮಾನ ಇಲಾಖೆಯ ಮಳೆ ದಿನ ಬೆಳಗ್ಗೆ 8.30ಕ್ಕೆ ಮುಗಿಯುತ್ತದೆ, ನಿಮ್ಮ ಯಂತ್ರದ್ದು ನಡುರಾತ್ರಿಗೆ. ಡಿಸ್‌ಪ್ಲೇಯಲ್ಲಿ ‘ಕಳೆದ 24 ಗಂಟೆ’ಯ ಅಂಕಿ ಇದ್ದರೆ ಅದನ್ನು 8.30ಕ್ಕೆ ಬರೆದುಕೊಳ್ಳಿ. ಇಂಚಿನಲ್ಲಿ ಮಾತಾಡುವವರಿಗೆ 25.4ರಿಂದ ಭಾಗಿಸಿ ಹೇಳಿದರಾಯಿತು.

ಮೋಡದ ಚಿತ್ರವನ್ನು ನಂಬಬೇಡಿ

600 ಮೀಟರ್ ಎತ್ತರದ ಊರಿನಲ್ಲಿ ಗಾಳಿಯ ನಿಜವಾದ ಒತ್ತಡ 945 ಹೆಕ್ಟೋಪಾಸ್ಕಲ್ ಆಸುಪಾಸು, ಸಮುದ್ರಮಟ್ಟಕ್ಕಿಂತ ಸುಮಾರು 65 ಕಡಿಮೆ. ಶಾಂತ ದಿನದ ಬೆಳಗ್ಗೆ ಮಂಗಳೂರು ವಿಮಾನ ನಿಲ್ದಾಣದ ವರದಿಯ ಕ್ಯೂಎನ್‌ಎಚ್ (ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡ) ಅಂಕಿ ನೋಡಿ ‘ಸಾಪೇಕ್ಷ ಒತ್ತಡ’ವನ್ನು ಅದಕ್ಕೆ ಹೊಂದಿಸಿ. ಆದರೂ ಡಿಸ್‌ಪ್ಲೇಯ ಸೂರ್ಯ, ಮೋಡದ ಮುನ್ಸೂಚನೆ ನಮ್ಮಲ್ಲಿ ಕೆಲಸಕ್ಕೆ ಬಾರದು. ಉಷ್ಣವಲಯದಲ್ಲಿ ಒತ್ತಡ ದಿನವೂ ಬೆಳಗ್ಗೆ 10ರ ಸುಮಾರಿಗೆ ಏರಿ, ಸಂಜೆ 4ಕ್ಕೆ ಎರಡು ಮೂರು ಅಂಕಿ ಇಳಿಯುತ್ತದೆ. ತಂಪು ದೇಶಗಳಿಗೆಂದು ಮಾಡಿದ ಯಂತ್ರ ಈ ನಿತ್ಯದ ಇಳಿತವನ್ನೇ ಮಳೆಯ ಸೂಚನೆ ಎಂದುಕೊಳ್ಳುತ್ತದೆ. ಅಡಿಕೆ ಹರಡುವುದನ್ನೋ ಔಷಧಿ ಹೊಡೆಯುವುದನ್ನೋ ಇದನ್ನು ನೋಡಿ ನಿರ್ಧರಿಸಬೇಡಿ.

ಮಳೆಗಾಲದ ನಿಗಾ

ಮೇ ಕೊನೆಯ ವಾರದಲ್ಲಿ ಹೊಸ ಬ್ಯಾಟರಿ ಹಾಕಿ. ಆಲ್ಕಲೈನ್ ಅಥವಾ ಲಿಥಿಯಂ, 1.5 ವೋಲ್ಟಿನದು. ರೀಚಾರ್ಜ್ ಆಗುವ 1.2 ವೋಲ್ಟಿನ ಸೆಲ್‌ಗಳು ಬೇಗ ಸೋಲುತ್ತವೆ. ಸೋಲಾರ್ ಪಟ್ಟಿ ಇದೆಯೆಂಬ ಧೈರ್ಯ ಬೇಡ, ವಾರಗಟ್ಟಲೆ ಬಿಸಿಲು ಕಾಣದ ಜುಲೈಯಲ್ಲಿ ಯಂತ್ರ ನಡೆಯುವುದು ಬ್ಯಾಟರಿಯಲ್ಲೇ.

ಹೊರಗೆ ಮಳೆ ಹೊಯ್ಯುತ್ತಿದ್ದರೂ ಅಂಕಿ ನಿಂತಿದೆ, ಮಳೆ ಬಿಟ್ಟ ಮೇಲೆ ಗಂಟೆಗಟ್ಟಲೆ 0.3, 0.3 ಎಂದು ಏರುತ್ತಿದೆ ಎಂದರೆ ಲಾಳಿಕೆ ಕಟ್ಟಿದೆ. ಒಣಗಿದ ಹಿಂಗಾರದ ಚೂರು, ಹಕ್ಕಿ ಹಿಕ್ಕೆ, ಹಾವಸೆ ತೂತಿನಲ್ಲಿ ಸೇರಿ ನೀರು ಜಿನುಗುತ್ತಿರುತ್ತದೆ. ಅಂಕಿ ಪೂರ್ತಿ ಸತ್ತಿದ್ದರೆ ಬಟ್ಟಲಿನ ಅಡಿಯಲ್ಲಿ ಜೇಡನ ಬಲೆಯನ್ನೋ ಇರುವೆ ಗೂಡನ್ನೋ ಹುಡುಕಿ. ವಾರಕ್ಕೊಮ್ಮೆ ಲಾಳಿಕೆ ತೆಗೆದು, ಬಟ್ಟಲನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬರೀ ನೀರಲ್ಲಿ ತೊಳೆಯಿರಿ. ಎಣ್ಣೆ ಹಚ್ಚಬೇಡಿ, ಜಿಡ್ಡಿಗೆ ಹನಿ ಅಂಟಿಕೊಂಡು ತೂಕ ಬದಲಾಗುತ್ತದೆ. ಡಿಸೆಂಬರಿನ ಬೆಳಗ್ಗೆ ಒಂದೋ ಎರಡೋ ಟಕ್ ಕಂಡರೆ ಅದು ಮಂಜಿನ ನೀರು, ದೋಷವಲ್ಲ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಎಲ್ಲ ಸೆನ್ಸರ್‌ಗಳಿಗೂ ಪ್ಲಾಸ್ಟಿಕ್ ಚೀಲ ಕಟ್ಟಿ. ಸುಣ್ಣ ಮತ್ತು ಮೈಲುತುತ್ತದ ಹನಿ ಒಣಗಿದರೆ ಬಟ್ಟಲಿನ ಮೇಲೆ ಪದರ ಕಟ್ಟುತ್ತದೆ. ಸಂಜೆ ಚೀಲ ಬಿಚ್ಚಿದ್ದೀರಾ ಎಂದು ಇನ್ನೊಮ್ಮೆ ನೋಡಿ.

ತೇವಾಂಶ ದಿನಗಟ್ಟಲೆ 99ರಲ್ಲೇ ನಿಂತಿರುವುದು ಆಷಾಢದಲ್ಲಿ ಸಹಜ. ಮಳೆಗಾಲ ಕಳೆದು ಒಣಗಾಳಿ ಬೀಸಿದರೂ ಮಧ್ಯಾಹ್ನ 90ರಿಂದ ಇಳಿಯದಿದ್ದರೆ ಮಾತ್ರ ಅನುಮಾನಪಡಿ. ಆಗ ಸೆನ್ಸರನ್ನು ಬಿಚ್ಚಿ, ಗಾಳಿಯಾಡದ ಡಬ್ಬಿಯಲ್ಲಿ, ಒದ್ದೆ ಮಾಡಿದ ಪುಡಿ ಉಪ್ಪಿನ ಬಟ್ಟಲಿನ ಜೊತೆ ಒಂದು ದಿನ ಮುಚ್ಚಿಡಿ. ಉಪ್ಪು ಕೆಸರಿನಂತಿರಲಿ, ನೀರಾಗಬಾರದು, ಸೆನ್ಸರಿಗೆ ತಾಗಲೂಬಾರದು. ಅಂಕಿ 75ಕ್ಕೆ ಬರಬೇಕು. ನಾಲ್ಕೈದರಷ್ಟು ಆಚೀಚೆ ಇದ್ದರೆ ತಿದ್ದಿಕೊಳ್ಳಿ. 90ರಲ್ಲೇ ಉಳಿದರೆ ಆ ಸೆನ್ಸರ್ ಮುಗಿಯಿತು, ಬೇರೆ ತರಿಸಿ.