ಕೃತಕ ಕಾಲು ಮಾಡುವುದು ಹೇಗೆ? ಪಾದ ಸುಲಭ, ಸಾಕೆಟ್ ಕಷ್ಟ

ಕಡಿಮೆ ಖರ್ಚಿನ ಕೃತಕ ಕಾಲು ಅಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಪಾದದ ಮೇಲೆ. ಹಾಕಿಕೊಂಡವರನ್ನು ಕೇಳಿ ನೋಡಿ, ಅವರ ದೂರೆಲ್ಲ ಸಾಕೆಟ್ ಬಗ್ಗೆ. ಉಳಿದ ಮೊಂಡುಗಾಲು ಒಳಗೆ ಕೂರುವ ಬಟ್ಟಲು ಅದು. ಅದು ಒತ್ತಿದರೆ ಎಂಥ ಪಾದವಿದ್ದರೂ ಕಾಲು ಮೂಲೆ ಸೇರುತ್ತದೆ. ಮಂಡಿಯ ಕೆಳಗೆ ಕಾಲು ಕಳೆದುಕೊಂಡವರಿಗೆ ಇದನ್ನು ಹೇಗೆ ಮಾಡುತ್ತಾರೆ ಅಂತ ಹೇಳುತ್ತೇನೆ. ಮನೆಯಲ್ಲಿ ಪ್ರಯೋಗ ಮಾಡಬೇಡಿ, ಇದು ಕಲಿತವರ ಕೆಲಸ.

ಮೊದಲು ಕಾಯಬೇಕು. ಗಾಯ ಮಾಗಬೇಕು, ಊತ ಇಳಿಯಬೇಕು. ಅದಕ್ಕೇ ಎಲಾಸ್ಟಿಕ್ ಬ್ಯಾಂಡೇಜ್ ಸುತ್ತುತ್ತಾರೆ, ತುದಿಯಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲ. ಊದಿದ ಕಾಲಿಗೇ ಅಳತೆ ತೆಗೆದರೆ ಸ್ವಲ್ಪ ದಿನದಲ್ಲೇ ಸಾಕೆಟ್ ಲೊಡಲೊಡ ಅನ್ನುತ್ತದೆ.

ಆಮೇಲೆ ಅಚ್ಚು. ಮೊಂಡುಗಾಲಿಗೆ ತೆಳುವಾದ ಕಾಲುಚೀಲ ತೊಡಿಸಿ, ಎಲುಬು ಎದ್ದು ಕಾಣುವ ಜಾಗಗಳನ್ನೆಲ್ಲ ನೇರಳೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ಮೇಲೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಅದು ಗಟ್ಟಿಯಾಗುವ ಮೊದಲೇ ಮಂಡಿಚಿಪ್ಪಿನ ಕೆಳಗೆ ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಾರೆ. ಪೆನ್ಸಿಲ್ ಬಣ್ಣ ನೀರಿಗೆ ಕರಗಿ ಪ್ಲಾಸ್ಟರಿನ ಒಳಗೋಡೆಗೆ ಇಳಿಯುತ್ತದೆ. ಗಟ್ಟಿಯಾದ ಮೇಲೆ ಅದನ್ನು ಕಾಲಿನಿಂದ ಬಿಚ್ಚಿ, ಒಳಗೆ ಪ್ಲಾಸ್ಟರ್ ಹಿಟ್ಟು ಕಲಸಿ ಹೊಯ್ದರೆ ಗುರುತುಗಳ ಸಮೇತ ಕಾಲಿನ ಪ್ರತಿರೂಪ ಸಿಗುತ್ತದೆ.

ಕೈಚಳಕ ಬೇಕಾಗುವುದು ಈಗ. ಭಾರ ತಡೆಯುವ ಜಾಗದಲ್ಲಿ, ಮುಖ್ಯವಾಗಿ ಮಂಡಿಚಿಪ್ಪಿನ ಕೆಳಗೆ, ಸಾಕೆಟ್ ಬಿಗಿಯಾಗಿ ಕೂರಲಿ ಅಂತ ಈ ಪ್ರತಿರೂಪವನ್ನು ಸ್ವಲ್ಪ ಹೆರೆಯುತ್ತಾರೆ. ಭಾರ ತಡೆಯದ ಎಲುಬಿನ ತುದಿಗಳಿಗೆ ಸಾಕೆಟ್ ಒತ್ತದಿರಲಿ ಅಂತ ಅಲ್ಲಿ ಇನ್ನಷ್ಟು ಪ್ಲಾಸ್ಟರ್ ಮೆತ್ತುತ್ತಾರೆ. ಒಂದು ಕಡೆ ತೆಗೆದಿದ್ದು ಜಾಸ್ತಿಯಾದರೆ ಗುಳ್ಳೆ ಏಳುವುದು ಗ್ಯಾರಂಟಿ.

ನಂತರ ಪ್ಲಾಸ್ಟಿಕ್ಕನ್ನು ಒಲೆಯಲ್ಲಿ ಕಾಯಿಸುತ್ತಾರೆ. ಬಿಳಿ ಹಾಳೆ ಗಾಜಿನ ಹಾಗೆ ಪಾರದರ್ಶಕವಾದಾಗ ಹದ ಬಂತು ಅಂತ ಅರ್ಥ, ತಕ್ಷಣ ಆ ಪ್ರತಿರೂಪದ ಮೇಲೆ ಎಳೆದು ಕೂರಿಸಬೇಕು. ಆರಿದರೆ ಅದೇ ಸಾಕೆಟ್. ರೆಡ್ ಕ್ರಾಸ್ ಅಂತರರಾಷ್ಟ್ರೀಯ ಸಮಿತಿ ಅಫ್ಘಾನಿಸ್ತಾನ, ಕಾಂಬೋಡಿಯಾದಂಥ ಯುದ್ಧಪೀಡಿತ ದೇಶಗಳಲ್ಲಿ ಬಳಸಿದ್ದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಜೈಪುರದಲ್ಲಿ ಕೃತಕ ಕಾಲು ಮಾಡುವವರು ನೀರಿನ ಪೈಪಿಗೆ ಬಳಸುವ ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ ಹಿಡಿದರು.

ಜೈಪುರ ಅಂದಮೇಲೆ ಪಾದದ ಮಾತು ಬರಲೇಬೇಕು ಅಲ್ವಾ? 1968ರ ಹೊತ್ತಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾಕ್ಟರ್ ಪಿ.ಕೆ. ಸೇಠಿ ರೂಪಿಸಿದ್ದು ಈ ರಬ್ಬರ್ ಪಾದ. ಆಗ ಸಿಗುತ್ತಿದ್ದ ವಿದೇಶಿ ಪಾದಕ್ಕೆ ಶೂ ಬೇಕು, ಕುಕ್ಕರಗಾಲಲ್ಲಿ ಕೂರಲು ಆಗದು, ಕೆಸರಿಗೆ ಇಳಿಯುವ ಹಾಗಿಲ್ಲ. ಇದು ಬಾಗುತ್ತದೆ, ಬರಿಗಾಲಲ್ಲೂ ನಡೆಯುತ್ತದೆ. ಬೆಲೆ ಕಡಿಮೆ ಅನ್ನುವುದಕ್ಕಿಂತ ಇದೇ ದೊಡ್ಡ ಸಂಗತಿ ಅಂತ ನನಗನ್ನಿಸುತ್ತದೆ.

ಪಾದ ಜೋಡಿಸಿ ನಾಲ್ಕು ಹೆಜ್ಜೆ ನಡೆಸಿದ ಮೇಲೆ ಕಾಲು ಬಿಚ್ಚಿಸಿ ಚರ್ಮ ನೋಡಬೇಕು. ಕೆಂಪಾಗಿದ್ದರೆ ಸುಮ್ನೆ ಹತ್ತು ನಿಮಿಷ ಕಾಯಿರಿ. ಆಗಲೂ ಕೆಂಪು ಹೋಗದಿದ್ದರೆ ಸಾಕೆಟ್ಟಿನ ಆ ಜಾಗವನ್ನು ಮತ್ತೆ ಕಾಯಿಸಿ ಹೊರಕ್ಕೆ ತಳ್ಳಬೇಕು. ಬೆಳೆಯುವ ಮಕ್ಕಳಿಗೆ ಪದೇ ಪದೇ ಹೊಸ ಸಾಕೆಟ್ ಬೇಕಾಗುತ್ತದೆ. ದೊಡ್ಡವರಿಗೆ ಮೊಂಡುಗಾಲು ಸೊರಗಿ ಸಡಿಲವಾದರೆ, ಓಡಿ ಹೋಗಿ ಹೊಸದು ಮಾಡಿಸುವ ಮೊದಲು ಇನ್ನೊಂದು ಕಾಲುಚೀಲ ಹಾಕಿ ನೋಡಿ.